ತೋಟದ ಮಳೆ ಪುಸ್ತಕವನ್ನು ಎಕ್ಸ್‌ಎಂಎಲ್‌ಗೆ ತರುವ ಬಗೆ: ಪೈಥಾನ್‌ನಲ್ಲಿ ರಚನೆ, ಓದು, ತಿದ್ದುಪಡಿ

ಮೂಡಿಗೆರೆ, ಸಕಲೇಶಪುರ, ಬಾಳೆಹೊನ್ನೂರು ಕಡೆಯ ಕಾಫಿ ತೋಟದ ಮನೆಗಳಲ್ಲಿ ಮಳೆ ಪುಸ್ತಕವೆಂಬ ಒಂದು ಪುಸ್ತಕ ಇರುತ್ತದೆ. ಕಣದ ಅಂಚಿನಲ್ಲಿ ನೆಟ್ಟ ರೈನ್‌ಗೇಜಿನ ನೀರನ್ನು ಬೆಳಗ್ಗೆ ಅಳತೆಯ ಗಾಜಿಗೆ ಸುರಿದು, ಎಷ್ಟು ಇಂಚು ಎಷ್ಟು ಸೆಂಟ್ ಎಂದು ತಾರೀಖಿನ ಮುಂದೆ ಬರೆದಿಡುವುದು ಇಲ್ಲಿನ ವಾಡಿಕೆ. ಕಾಫಿ ಗಿಡದ ಹೂವರಳಿಸುವ ಹೂಮಳೆ ಹೋದ ವರ್ಷ ಯಾವಾಗ ಬಂತು, ಆರಿದ್ರಾದಲ್ಲಿ ಎಷ್ಟು ಹೊಡೆಯಿತು ಎಂಬ ಮಾತು ಬಂದಾಗಲೆಲ್ಲ ಆ ಪುಸ್ತಕ ಹೊರಬರುತ್ತದೆ. ನಮ್ಮ ಮನೆಯ ಪುಸ್ತಕದ ಹಳೆಯ ಹಾಳೆಗಳು ಮಳೆಗಾಲದ ತೇವಕ್ಕೆ ಅಂಟಿಕೊಳ್ಳತೊಡಗಿದಾಗ ನಾನು ಅದನ್ನು ಕಂಪ್ಯೂಟರಿಗೆ ತಂದೆ. ಪೈಥಾನ್ ಭಾಷೆಯ ಎಲಿಮೆಂಟ್‌ಟ್ರೀ ಲೈಬ್ರರಿಯನ್ನು ಬಳಸಿ ಎಕ್ಸ್‌ಎಂಎಲ್ ಫೈಲನ್ನು ರಚಿಸುವುದು, ಓದುವುದು ಮತ್ತು ತಿದ್ದುವುದು ಹೇಗೆ ಎಂಬುದನ್ನು ಆ ಕೆಲಸದ ಜಾಡಿನಲ್ಲಿಯೇ ಇಲ್ಲಿ ವಿವರಿಸುತ್ತೇನೆ. ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು ಓಡಿಸಿದ ಅನುಭವ ಇರುವವರಿಗೆ ಇದು ಸಾಕಾಗುತ್ತದೆ.

ಎಕ್ಸ್‌ಎಲ್ ಶೀಟ್ ಸಾಲದೇ ಎಂದು ಕೇಳುವವರಿದ್ದಾರೆ. ಎಲ್ಲ ಸಾಲಿಗೂ ಒಂದೇ ಬಗೆಯ ಕಲಂಗಳಿದ್ದರೆ ಶೀಟ್ ಸಾಕು. ಮಳೆ ಪುಸ್ತಕ ಹಾಗಿರುವುದಿಲ್ಲ. ಒಂದು ದಿನಕ್ಕೆ ಬರೀ ಅಂಕಿ ಇರುತ್ತದೆ, ಇನ್ನೊಂದು ದಿನಕ್ಕೆ ಅಂಕಿಯ ಜೊತೆ ಮೂರು ಸಾಲು ಟಿಪ್ಪಣಿ ಇರುತ್ತದೆ, ಮತ್ತೊಂದು ದಿನ ಎರಡು ಬಾರಿ ಅಳೆದಿರುತ್ತಾರೆ. ಒಂದರೊಳಗೊಂದು ಸೇರಿಕೊಂಡ ಇಂಥ ಮಾಹಿತಿಗೆ ಹೇಳಿ ಮಾಡಿಸಿದ್ದು ಎಕ್ಸ್‌ಎಂಎಲ್. 1998ರ ಫೆಬ್ರವರಿಯಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಇದರ ಮೊದಲ ಮಾನದಂಡವನ್ನು ಪ್ರಕಟಿಸಿತು. ಅಂದು ಬರೆದ ಫೈಲನ್ನು ಇಂದೂ ಯಾವ ಕಂಪ್ಯೂಟರಿನಲ್ಲಿಯಾದರೂ ತೆರೆದು ಕಣ್ಣಿನಿಂದಲೇ ಓದಬಹುದು. ಮೂವತ್ತು ನಲವತ್ತು ವರ್ಷ ಉಳಿಯಬೇಕಾದ ಲೆಕ್ಕಕ್ಕೆ ಈ ಗುಣ ಬಹಳ ಮುಖ್ಯ.

ಮೊದಲು ಕಾಗದದ ಮೇಲೆ ಮರವನ್ನು ಬರೆಯಿರಿ

ಎಕ್ಸ್‌ಎಂಎಲ್ ಫೈಲೆಂದರೆ ಒಂದು ಮರ. ಬೇರು ಒಂದೇ, ಅದರಿಂದ ಕೊಂಬೆ, ಕೊಂಬೆಯಿಂದ ರೆಂಬೆ. ಪ್ರತಿಯೊಂದು ಗಂಟನ್ನೂ ಎಲಿಮೆಂಟ್ ಎನ್ನುತ್ತಾರೆ, ಎಲಿಮೆಂಟಿಗೆ ಅಂಟಿಸಿದ ಚೀಟಿಯಂಥ ವಿವರವನ್ನು ಆಟ್ರಿಬ್ಯೂಟ್ ಎನ್ನುತ್ತಾರೆ. ಪ್ರೋಗ್ರಾಂ ಬರೆಯಲು ಕೂರುವ ಮೊದಲು ನಿಮ್ಮ ಮರ ಹೇಗಿರಬೇಕೆಂದು ಕೈಯಲ್ಲಿ ಬರೆದು ನೋಡಿ. ನಾನು ಒಪ್ಪಿಕೊಂಡ ರೂಪ ಹೀಗಿದೆ. ಇದರಲ್ಲಿರುವ ಅಂಕಿಗಳು ಉದಾಹರಣೆಗೆ ಮಾತ್ರ:

```
<ಮಳೆಪುಸ್ತಕ ತೋಟ="ಮೇಲಿನಕಣ" ಅಳತೆ="ಸೆಂಟ್">
  <ವರ್ಷ ಸಂಖ್ಯೆ="2024">
    <ದಿನ ದಿನಾಂಕ="2024-04-21" ನಕ್ಷತ್ರ="ಅಶ್ವಿನಿ">
      <ಮಳೆ>5</ಮಳೆ>
      <ಟಿಪ್ಪಣಿ>ನಿನ್ನೆ ಸಂಜೆ ಗುಡುಗು, ಹನಿ ಮಾತ್ರ</ಟಿಪ್ಪಣಿ>
    </ದಿನ>
    <ದಿನ ದಿನಾಂಕ="2024-05-03" ನಕ್ಷತ್ರ="ಭರಣಿ">
      <ಮಳೆ>105</ಮಳೆ>
    </ದಿನ>
    <ದಿನ ದಿನಾಂಕ="2024-05-04" ನಕ್ಷತ್ರ="ಭರಣಿ">
      <ಮಳೆ/>
    </ದಿನ>
  </ವರ್ಷ>
</ಮಳೆಪುಸ್ತಕ>
```

ಟ್ಯಾಗ್‌ಗಳ (ಕೋನಾವರಣದೊಳಗಿನ ಗುರುತುಗಳ) ಹೆಸರು ಕನ್ನಡದಲ್ಲಿರುವುದನ್ನು ಗಮನಿಸಿ. ಎಕ್ಸ್‌ಎಂಎಲ್ ಮಾನದಂಡ ಇದನ್ನು ಒಪ್ಪುತ್ತದೆ, ಪೈಥಾನ್ ಲೈಬ್ರರಿಯೂ ಒಪ್ಪುತ್ತದೆ. ಮುಂದೆ ಈ ಫೈಲನ್ನು ತೆರೆಯುವ ನಮ್ಮ ಮನೆಯವರಿಗೆ ಏನು ಎಲ್ಲಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಳೆಯನ್ನು ಇಂಚಿನಲ್ಲಿ ಬರೆಯದೆ ಸೆಂಟಿನಲ್ಲಿ ಬರೆದಿರುವುದಕ್ಕೆ ಕಾರಣವಿದೆ. ಒಂದು ಇಂಚಿಗೆ 100 ಸೆಂಟ್. ನಮ್ಮ ತಂದೆಯವರು ಒಂದು ಇಂಚು ಐದು ಸೆಂಟನ್ನು ಪುಸ್ತಕದಲ್ಲಿ 1-5 ಎಂದು, ಬರೀ ಐದು ಸೆಂಟನ್ನು 0-5 ಎಂದು ಬರೆಯುತ್ತಿದ್ದರು. ಮೊದಲ ಸಲ ಟೈಪ್ ಮಾಡುವಾಗ ಆ ಗೆರೆಯನ್ನು ನಾನು ದಶಮಾಂಶದ ಚುಕ್ಕೆಯೆಂದು ತಿಳಿದು 0.5 ಎಂದು ಹಾಕುತ್ತಾ ಹೋದೆ. ಐದು ಸೆಂಟ್ ಎಂದರೆ ಎಲೆ ನೆನೆಯುವಷ್ಟು ಹನಿ, ಅರ್ಧ ಇಂಚು ಎಂದರೆ ಬುಡಕ್ಕಿಳಿಯುವ ಮಳೆ. ಏಪ್ರಿಲ್ ತಿಂಗಳ ಲೆಕ್ಕದಲ್ಲಿ ಈ ಎರಡೂ ಒಂದೇ ಆಗಿಬಿಟ್ಟರೆ ಹೂವಿನ ಲೆಕ್ಕವೇ ತಲೆಕೆಳಗಾಗುತ್ತದೆ. ಎಲ್ಲವನ್ನೂ ಪೂರ್ಣಾಂಕದ ಸೆಂಟಿಗೆ ಇಳಿಸಿದರೆ ಚುಕ್ಕೆಯ ಗೊಂದಲವೇ ಉಳಿಯುವುದಿಲ್ಲ, ಕೂಡುವಾಗ ದಶಮಾಂಶದ ಸಣ್ಣ ತಪ್ಪುಗಳೂ ನುಸುಳುವುದಿಲ್ಲ. ಅಳತೆ ಯಾವುದೆಂಬುದನ್ನು ಬೇರಿನ ಎಲಿಮೆಂಟಿನಲ್ಲಿ ತಪ್ಪದೆ ಬರೆಯಿರಿ. ಹವಾಮಾನ ಇಲಾಖೆಯವರ ಲೆಕ್ಕ ಮಿಲಿಮೀಟರಿನಲ್ಲಿರುತ್ತದೆ, ತೋಟದವರದು ಇಂಚಿನಲ್ಲಿ. ಶೃಂಗೇರಿ, ಮೂಡಿಗೆರೆಯಂಥ ಮಲೆನಾಡೂ ಕಡೂರಿನಂಥ ಬಯಲೂ ಒಂದೇ ಜಿಲ್ಲೆಯಲ್ಲಿರುವ ಊರು ನಮ್ಮದು. ಇಲ್ಲಿ ಬರೀ ಅಂಕಿಯನ್ನು ನೋಡಿ ಅಳತೆ ಯಾವುದಿರಬಹುದೆಂದು ಊಹಿಸುವಂತಿಲ್ಲ.

ಏನನ್ನು ಆಟ್ರಿಬ್ಯೂಟ್ ಮಾಡಬೇಕು, ಏನನ್ನು ಒಳಗಿನ ಎಲಿಮೆಂಟ್ ಮಾಡಬೇಕು ಎಂಬ ಪ್ರಶ್ನೆಗೆ ನಾನು ಪಾಲಿಸುವ ನಿಯಮ ಸರಳವಾದದ್ದು. ಗುರುತಿಸಲು ಬೇಕಾದ ಚಿಕ್ಕ ವಿವರ, ಅಂದರೆ ದಿನಾಂಕ, ನಕ್ಷತ್ರ, ಇವು ಆಟ್ರಿಬ್ಯೂಟ್. ಬೆಳೆಯಬಹುದಾದದ್ದು, ಒಂದಕ್ಕಿಂತ ಹೆಚ್ಚು ಬರಬಹುದಾದದ್ದು ಎಲಿಮೆಂಟ್. ಒಂದು ಎಲಿಮೆಂಟಿನಲ್ಲಿ ಒಂದೇ ಹೆಸರಿನ ಎರಡು ಆಟ್ರಿಬ್ಯೂಟ್ ಇರುವಂತಿಲ್ಲ, ಆದರೆ ಒಂದೇ ಹೆಸರಿನ ಹತ್ತು ಎಲಿಮೆಂಟ್ ಇರಬಹುದು. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಅಕ್ಷರಕ್ರಮದಲ್ಲಿ ಜೋಡಿಸಿದಾಗಲೂ ಕಾಲಕ್ರಮ ತಪ್ಪುವುದಿಲ್ಲ.

ಹೆಸರಿಡುವಾಗ ಕನ್ನಡಕ್ಕೇ ವಿಶೇಷವಾದ ಎರಡು ಎಚ್ಚರಿಕೆ

ಟ್ಯಾಗಿನ ಹೆಸರಿನಲ್ಲಿ ಖಾಲಿ ಜಾಗ ಇರಬಾರದು, ಅಂಕಿಯಿಂದ ಹೆಸರು ಶುರುವಾಗಬಾರದು ಎಂಬುದು ಎಲ್ಲ ಭಾಷೆಗೂ ಅನ್ವಯಿಸುವ ನಿಯಮ. ಕನ್ನಡದಲ್ಲಿ ಕಣ್ಣಿಗೆ ಕಾಣದ ಇನ್ನೊಂದು ತೊಡಕಿದೆ. "ಎಸ್ಟೇಟ್‌ಮಳೆ" ಎಂದು ಟೈಪ್ ಮಾಡುವಾಗ ಅರ್ಧಾಕ್ಷರವು ಮುಂದಿನ ಅಕ್ಷರಕ್ಕೆ ಒತ್ತಾಗದಂತೆ ತಡೆಯಲು ನಡುವೆ ಒಂದು ಅಗೋಚರ ಅಕ್ಷರವನ್ನು ಹಾಕುತ್ತೇವೆ. ಪೈಥಾನ್ ಬಳಸುವ ಎಕ್ಸ್‌ಪ್ಯಾಟ್ ಎಂಬ ಓದುಗ ತಂತ್ರಾಂಶವು ಟ್ಯಾಗಿನ ಹೆಸರಿನೊಳಗೆ ಆ ಅಗೋಚರ ಅಕ್ಷರವನ್ನು ಒಪ್ಪುವುದಿಲ್ಲ. ಲೈಬ್ರರಿ ಬರೆಯುವಾಗ ಹೆಸರುಗಳನ್ನು ಪರೀಕ್ಷಿಸುವುದಿಲ್ಲವಾದ್ದರಿಂದ ಫೈಲ್ ತಕರಾರಿಲ್ಲದೆ ಸಿದ್ಧವಾಗುತ್ತದೆ, ಮರುದಿನ ತೆರೆಯಲು ಹೋದಾಗ ರಚನೆ ಸರಿಯಿಲ್ಲ ಎಂಬ ದೋಷ ಬರುತ್ತದೆ. ಆದ್ದರಿಂದ ಟ್ಯಾಗ್‌ಗಳಿಗೆ ಮಳೆ, ದಿನ, ವರ್ಷ ಎಂಬಂಥ ಅಚ್ಚ ಹೆಸರುಗಳನ್ನೇ ಇಡಿ. ಟಿಪ್ಪಣಿಯ ಪಠ್ಯದೊಳಗೆ ಆ ಅಕ್ಷರ ಎಷ್ಟು ಸಲ ಬಂದರೂ ತೊಂದರೆಯಿಲ್ಲ.

ಎರಡನೆಯದು, ಒಂದೇ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಕೂಡಿಸಬಹುದು. "ಕೊ" ಎಂಬುದರ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಮುಂದೊಂದು ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಾಗಾಗಿ ಹುಡುಕಿದ ಟ್ಯಾಗ್ ಕಣ್ಣೆದುರಿಗಿದ್ದರೂ ಸಿಗುವುದಿಲ್ಲ. ಬೇರೆ ಕಡೆಯಿಂದ ಬಂದ ಪಠ್ಯವಾದರೆ ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಆಜ್ಞೆಯಿಂದ ಎಲ್ಲವನ್ನೂ ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದುಕೊಂಡು ಆಮೇಲೆ ಬಳಸಿ.

ರಚಿಸುವುದು

ಎಲಿಮೆಂಟ್‌ಟ್ರೀಯನ್ನು ಬರೆದವರು ಫ್ರೆಡ್ರಿಕ್ ಲುಂಡ್. 2006ರಲ್ಲಿ ಪೈಥಾನ್ 2.5ರ ಜೊತೆಗೆ ಇದು ಮೂಲ ಲೈಬ್ರರಿಗೆ ಸೇರಿತು. ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಪೈಥಾನ್ ಮಾತ್ರ 3.9 ಅಥವಾ ಅದಕ್ಕಿಂತ ಹೊಸದಿರಲಿ. ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಪ್ರೋಗ್ರಾಮಿನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಎಲಿಮೆಂಟ್, ಸಬ್‌ಎಲಿಮೆಂಟ್, ಎಲಿಮೆಂಟ್‌ಟ್ರೀ ಎಂಬ ಮೂರರಲ್ಲಿ ಮಾತ್ರ ಪ್ರತಿ ಪದದ ಮೊದಲಕ್ಷರ ದೊಡ್ಡದು, ಪದಗಳ ನಡುವೆ ಜಾಗವಿಲ್ಲ.

ಕೆಲಸದ ಕ್ರಮ ಹೀಗೆ. ಎಲಿಮೆಂಟ್ ಆಜ್ಞೆಗೆ "ಮಳೆಪುಸ್ತಕ" ಎಂಬ ಹೆಸರು ಕೊಟ್ಟು ಬೇರನ್ನು ಮಾಡಿಕೊಳ್ಳಿ. ಬೇರಿನ ಮೇಲೆ ಸೆಟ್ ಆಜ್ಞೆಯನ್ನು ಬಳಸಿ ತೋಟ, ಅಳತೆ ಎಂಬ ಎರಡು ಆಟ್ರಿಬ್ಯೂಟ್ ಹಾಕಿ. ನಂತರ ಸಬ್‌ಎಲಿಮೆಂಟ್ ಆಜ್ಞೆಗೆ ಮೊದಲು ತಾಯಿ ಎಲಿಮೆಂಟನ್ನು, ಆಮೇಲೆ ಮಗುವಿನ ಹೆಸರನ್ನು ಕೊಟ್ಟರೆ ಮಗು ಹುಟ್ಟಿ ತಾಯಿಗೆ ಸೇರಿಕೊಂಡು ನಿಮ್ಮ ಕೈಗೂ ಬರುತ್ತದೆ. ಹೀಗೆ ಬೇರಿಗೆ ವರ್ಷವನ್ನು, ವರ್ಷಕ್ಕೆ ದಿನವನ್ನು, ದಿನಕ್ಕೆ ಮಳೆಯನ್ನು ಸೇರಿಸುತ್ತಾ ಹೋಗಿ. ಮಳೆಯ ಅಂಕಿಯನ್ನು ಆ ಎಲಿಮೆಂಟಿನ ಟೆಕ್ಸ್ಟ್ ಎಂಬ ಗುಣಕ್ಕೆ ಹಾಕಬೇಕು. ಹಾಗೆ ಹಾಕುವಾಗ 105 ಎಂಬ ಸಂಖ್ಯೆಯನ್ನು ಸಂಖ್ಯೆಯಾಗಿಯೇ ಕೊಟ್ಟರೆ ಆ ಕ್ಷಣಕ್ಕೆ ಏನೂ ಆಗುವುದಿಲ್ಲ, ಕೊನೆಗೆ ಫೈಲ್ ಬರೆಯುವಾಗ ದೋಷ ಬರುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ಎಸ್‌ಟಿಆರ್ ಆಜ್ಞೆಯಿಂದ ಪಠ್ಯವಾಗಿಸಿಯೇ ಹಾಕಿ. ಆಟ್ರಿಬ್ಯೂಟುಗಳಿಗೂ ಇದೇ ನಿಯಮ.

ಟಿಪ್ಪಣಿಯಲ್ಲಿ ಕೋನಾವರಣವೋ ಆಂಪರ್‌ಸೆಂಡ್ ಚಿಹ್ನೆಯೋ ಬಂದರೆ ಅದನ್ನು ಎಕ್ಸ್‌ಎಂಎಲ್‌ಗೆ ಹೊಂದುವ ಸಂಕೇತಕ್ಕೆ ಬದಲಿಸುವ ಹೊಣೆ ಲೈಬ್ರರಿಯದು. ನೀವೇ ಮೊದಲು ಬದಲಿಸಿಟ್ಟರೆ ಎರಡು ಸಲ ಬದಲಾಗುತ್ತದೆ.

ಮರ ಸಿದ್ಧವಾದ ಮೇಲೆ ಬೇರನ್ನು ಎಲಿಮೆಂಟ್‌ಟ್ರೀ ಆಜ್ಞೆಗೆ ಕೊಟ್ಟು, ಇಂಡೆಂಟ್ ಆಜ್ಞೆಯಿಂದ ಸಾಲುಗಳನ್ನು ಒಳಸರಿಸಿ, ರೈಟ್ ಆಜ್ಞೆಯಿಂದ ಫೈಲಿಗೆ ಬರೆಯಿರಿ. ಇಂಡೆಂಟ್ ಬಂದದ್ದು 2020ರ 3.9ನೇ ಆವೃತ್ತಿಯಲ್ಲಿ, ಅದನ್ನು ಬಿಟ್ಟರೆ ಇಡೀ ವರ್ಷದ ಲೆಕ್ಕ ಒಂದೇ ಉದ್ದ ಸಾಲಾಗಿ ಬೀಳುತ್ತದೆ.

ರೈಟ್ ಆಜ್ಞೆಯ ಬಳಿ ಸ್ವಲ್ಪ ನಿಲ್ಲಬೇಕು. ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬರೆಯುವ ಸಂಕೇತಪದ್ಧತಿ) ಯುಟಿಎಫ್-8 ಎಂದು ನೀವು ಹೇಳದಿದ್ದರೆ ಆ ಆಜ್ಞೆ ಆಸ್ಕಿ ಅಕ್ಷರಗಳನ್ನು, ಅಂದರೆ ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳನ್ನು ಮಾತ್ರ ಬರೆಯುತ್ತದೆ, ಕನ್ನಡದ ಒಂದೊಂದು ಸಂಕೇತವನ್ನೂ ಅದರ ಯೂನಿಕೋಡ್ ಸಂಖ್ಯೆಯಾಗಿ ಬದಲಿಸಿಬಿಡುತ್ತದೆ. "ಭರಣಿ" ಎಂಬುದು ಫೈಲಿನಲ್ಲಿ ಹೀಗೆ ಕಾಣುತ್ತದೆ:

```
&#3245;&#3248;&#3235;&#3263;
```

ಇದು ಪಠ್ಯದಲ್ಲಿಯೋ ಆಟ್ರಿಬ್ಯೂಟಿನ ಬೆಲೆಯಲ್ಲಿಯೋ ಆದರೆ ನೋಡಲು ಅಸಹ್ಯವಾದರೂ ನಷ್ಟವಿಲ್ಲ, ಓದುವಾಗ ಭರಣಿಯಾಗಿಯೇ ಮರಳುತ್ತದೆ. ಟ್ಯಾಗಿನ ಹೆಸರಿನಲ್ಲಿ ಹೀಗಾದರೆ ಕಥೆ ಬೇರೆ. ಮಳೆ ಎಂಬ ಟ್ಯಾಗ್ ಈ ರೂಪ ತಾಳುತ್ತದೆ:

```
<&#3246;&#3251;&#3270;>
```

ಟ್ಯಾಗಿನ ಹೆಸರಿನ ಜಾಗದಲ್ಲಿ ಇಂಥ ಸಂಕೇತ ಇರುವಂತಿಲ್ಲವಾದ್ದರಿಂದ ಆ ಫೈಲನ್ನು ಯಾವ ಓದುಗವೂ ಓದಲಾರದು. ನನಗೆ ಹೀಗಾದಾಗ ಫೈಲ್ ಕೈಬಿಟ್ಟುಹೋಯಿತೆಂದು ತಿಳಿದು ಎರಡು ವರ್ಷದ ಲೆಕ್ಕವನ್ನು ಮೊದಲಿನಿಂದ ಟೈಪ್ ಮಾಡಿದೆ. ಅಷ್ಟು ಕಷ್ಟಪಡುವ ಅಗತ್ಯವಿರಲಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ 3200ರಿಂದ 3327ರವರೆಗೆ. ಫೈಲನ್ನು ಸಾಮಾನ್ಯ ಪಠ್ಯವಾಗಿ ತೆರೆದು, ಈ ವ್ಯಾಪ್ತಿಯ ಸಂಖ್ಯಾಸಂಕೇತಗಳನ್ನು ಸಿಎಚ್‌ಆರ್ ಆಜ್ಞೆಯಿಂದ ಅಕ್ಷರಗಳಾಗಿ ಬದಲಿಸಿ, ಯುಟಿಎಫ್-8ರಲ್ಲಿ ಉಳಿಸಿದರೆ ಫೈಲ್ ಮತ್ತೆ ಜೀವ ಪಡೆಯುತ್ತದೆ. ನಿಮಗೂ ಹೀಗಾಗಿದ್ದರೆ ಅಳಿಸಬೇಡಿ.

ಯುಟಿಎಫ್-8 ಎಂದು ಹೇಳುವುದರ ಜೊತೆಗೆ ಎಕ್ಸ್‌ಎಂಎಲ್ ಡಿಕ್ಲರೇಷನ್ ಬೇಕು ಎಂಬ ಆಯ್ಕೆಯನ್ನೂ ಟ್ರೂ ಮಾಡಿ. ಆಗ ಫೈಲಿನ ಮೊದಲ ಸಾಲಿನಲ್ಲಿಯೇ ಆವೃತ್ತಿ ಮತ್ತು ಎನ್‌ಕೋಡಿಂಗ್ ನಮೂದಾಗುತ್ತದೆ.

ಓದುವುದು

ಪಾರ್ಸ್ ಆಜ್ಞೆಗೆ ಫೈಲಿನ ಹೆಸರನ್ನು ಕೊಟ್ಟು, ಬಂದ ಮರದ ಮೇಲೆ ಗೆಟ್‌ರೂಟ್ ಕರೆದರೆ ಬೇರು ಕೈಗೆ ಸಿಗುತ್ತದೆ. ಫೈಲನ್ನು ನೀವೇ ಓಪನ್ ಮಾಡಿ ಕೊಡಬೇಡಿ. ವಿಂಡೋಸ್ ಕಂಪ್ಯೂಟರುಗಳಲ್ಲಿ ಹಾಗೆ ತೆರೆದಾಗ ಎನ್‌ಕೋಡಿಂಗ್ ಬೇರೆಯಾಗಿ ಕನ್ನಡ ಕೆಡುವ ಸಂಭವವಿದೆ. ಫೈಲಿನಲ್ಲಿ ತಪ್ಪಿದ್ದರೆ ಬರುವ ದೋಷಸಂದೇಶದಲ್ಲಿ ಸಾಲು ಮತ್ತು ಕಲಂ ಸಂಖ್ಯೆ ಇರುತ್ತದೆ, ನೇರವಾಗಿ ಆ ಸಾಲಿಗೆ ಹೋಗಿ ನೋಡಿ. ಮುಚ್ಚದೆ ಬಿಟ್ಟ ಟ್ಯಾಗಾದರೆ ತಪ್ಪು ಹೇಳಿದ ಸಾಲಿಗಿಂತ ಮೇಲೆಲ್ಲೋ ಇರುತ್ತದೆ.

ಹುಡುಕಲು ಮೂರು ದಾರಿಗಳಿವೆ. ಫೈಂಡ್ ಆಜ್ಞೆ ಮೊದಲು ಸಿಕ್ಕ ಒಂದನ್ನು ಕೊಡುತ್ತದೆ, ಫೈಂಡ್‌ಆಲ್ ಎಲ್ಲವನ್ನೂ ಪಟ್ಟಿಯಾಗಿ ಕೊಡುತ್ತದೆ. ಬರೀ ಹೆಸರು ಕೊಟ್ಟರೆ ಇವೆರಡೂ ನೇರ ಮಕ್ಕಳನ್ನು ಮಾತ್ರ ನೋಡುತ್ತವೆ. ಬೇರಿನಲ್ಲಿ ನಿಂತು "ದಿನ" ಎಂದು ಹುಡುಕಿದರೆ ಏನೂ ಸಿಗದಿರುವುದು ಇದಕ್ಕೇ, ದಿನಗಳು ಬೇರಿಗೆ ಮೊಮ್ಮಕ್ಕಳು. ಐಟರ್ ಆಜ್ಞೆ ಇಡೀ ಮರವನ್ನು ಆಳದವರೆಗೂ ಸುತ್ತುತ್ತದೆ. ಫೈಂಡ್‌ಆಲ್‌ಗೇ ದಾರಿಯನ್ನು ಬರೆದುಕೊಟ್ಟರೂ ಆದೀತು. ಭರಣಿ ಮಳೆಯ ದಿನಗಳೆಲ್ಲ ಬೇಕಾದರೆ ಹೀಗೆ ಬರೆಯಬೇಕು:

```
.//ದಿನ[@ನಕ್ಷತ್ರ='ಭರಣಿ']
```

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತನ್ನು ನಿಮ್ಮ ತೋಟದ ಲೆಕ್ಕದಲ್ಲಿಯೇ ವರ್ಷವರ್ಷಕ್ಕೂ ಹೋಲಿಸಿ ನೋಡಲು ಈ ಒಂದು ಸಾಲು ಸಾಕು.

ಇನ್ನು ಅಂಕಿಯನ್ನು ತೆಗೆಯುವುದು. ಮಳೆ ಪುಸ್ತಕದಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳಿವೆ: ಅಳೆದಾಗ ಮಳೆ ಸೊನ್ನೆ ಇತ್ತು, ದಿನವನ್ನು ನಮೂದಿಸಿದ್ದಾರೆ ಆದರೆ ಅಳೆಯಲಾಗಲಿಲ್ಲ, ಮಳೆಯ ಮಾತೇ ಎತ್ತಿಲ್ಲ. ಈ ಮೂರನ್ನೂ ಸೊನ್ನೆಯೆಂದು ಎಣಿಸುವುದು ದೊಡ್ಡ ತಪ್ಪು. ದಿನದ ಎಲಿಮೆಂಟಿನ ಮೇಲೆ ಫೈಂಡ್‌ಟೆಕ್ಸ್ಟ್ ಆಜ್ಞೆಗೆ "ಮಳೆ" ಎಂದು ಕೊಟ್ಟರೆ ಮೊದಲ ಸ್ಥಿತಿಗೆ "0" ಎಂಬ ಪಠ್ಯ, ಎರಡನೆಯದಕ್ಕೆ ಖಾಲಿ ಪಠ್ಯ, ಮೂರನೆಯದಕ್ಕೆ ಏನೂ ಇಲ್ಲ ಎಂದು ಹೇಳುವ ನನ್ ಎಂಬ ಬೆಲೆ ಬರುತ್ತದೆ. ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ, ಅಂಕಿ ಇದ್ದಾಗ ಮಾತ್ರ ಇಂಟ್ ಆಜ್ಞೆಯಿಂದ ಸಂಖ್ಯೆಯಾಗಿಸಿ ಕೂಡಿ. ಹಳೆಯ ಪುಸ್ತಕದಿಂದ ಕನ್ನಡ ಅಂಕಿಗಳಲ್ಲಿಯೇ ೧೦೫ ಎಂದು ಟೈಪ್ ಮಾಡಿಟ್ಟಿದ್ದರೂ ಇಂಟ್ ಅದನ್ನು 105 ಎಂದೇ ಓದುತ್ತದೆ.

ಫೈಂಡ್ ಬಳಸುವವರು ಇನ್ನೊಂದನ್ನು ನೆನಪಿಡಬೇಕು. ಸಿಕ್ಕಿತೋ ಇಲ್ಲವೋ ಎಂದು ನೋಡಲು ಬರೀ ಇಫ್ ಎಂದು ಬರೆದು ಎಲಿಮೆಂಟಿನ ಹೆಸರು ಹಾಕಬೇಡಿ. ಮಕ್ಕಳಿಲ್ಲದ ಎಲಿಮೆಂಟನ್ನು ಪೈಥಾನ್ ಸುಳ್ಳೆಂದು ಎಣಿಸುವುದರಿಂದ 105 ಸೆಂಟ್ ಮಳೆಯ ಎಲಿಮೆಂಟ್ ಇದ್ದೂ ಇಲ್ಲದಂತಾಗುತ್ತದೆ. ನನ್ ಅಲ್ಲವೇ ಎಂದೇ ಪರೀಕ್ಷಿಸಿ, 3.12ನೇ ಆವೃತ್ತಿಯಿಂದ ಪೈಥಾನ್ ಈ ಬಗ್ಗೆ ಎಚ್ಚರಿಕೆಯನ್ನೂ ಕೊಡುತ್ತದೆ.

ತಿದ್ದುವುದು

ಎಡಿಟರ್‌ನಲ್ಲಿ ತೆರೆದು ಹುಡುಕಿ ಬದಲಿಸುವ ಆಸೆ ಎಲ್ಲರಿಗೂ ಆಗುತ್ತದೆ. 50ನ್ನು 5 ಮಾಡಲು ಹೋಗಿ 150ನ್ನು 15 ಮಾಡಿಕೊಂಡ ಮೇಲೆ ಆ ಆಸೆ ಬಿಡಬೇಕಾಗುತ್ತದೆ. ಮರದ ಮೂಲಕವೇ ತಿದ್ದಿ. ಏಪ್ರಿಲ್ 21ರ ಮಳೆಯೊಂದನ್ನೇ ಹಿಡಿಯಲು ಈ ದಾರಿಯನ್ನು ಫೈಂಡ್‌ಗೆ ಕೊಡಿ:

```
.//ದಿನ[@ದಿನಾಂಕ='2024-04-21']/ಮಳೆ
```

ಬಂದ ಎಲಿಮೆಂಟಿನ ಟೆಕ್ಸ್ಟ್‌ಗೆ "5" ಎಂದು ಹಾಕಿದರೆ ಆಯಿತು. ಆಟ್ರಿಬ್ಯೂಟನ್ನು ಗೆಟ್ ಓದುತ್ತದೆ, ಸೆಟ್ ಬದಲಿಸುತ್ತದೆ. ಬಿಟ್ಟುಹೋದ ದಿನವನ್ನು ನಡುವೆ ಸೇರಿಸಲು ವರ್ಷದ ಎಲಿಮೆಂಟಿನ ಮೇಲೆ ಇನ್ಸರ್ಟ್ ಬಳಸಿ, ಕೊನೆಗೆ ಸೇರಿಸಲು ಅಪೆಂಡ್.

ಒಂದೇ ದಿನವನ್ನು ಎರಡು ಸಲ ನಮೂದಿಸಿದ್ದರೆ ತೆಗೆಯಲು ರಿಮೂವ್ ಇದೆ, ಆದರೆ ಅದನ್ನು ತಾಯಿಯ ಮೇಲೆ ಕರೆಯಬೇಕು. ಈ ಲೈಬ್ರರಿಯಲ್ಲಿ ಮಗುವಿಗೆ ತನ್ನ ತಾಯಿ ಯಾರೆಂದು ಗೊತ್ತಿರುವುದಿಲ್ಲ, ಹಾಗಾಗಿ ಮೊದಲು ವರ್ಷಗಳನ್ನು ಸುತ್ತಿ, ಪ್ರತಿ ವರ್ಷದೊಳಗೆ ದಿನಗಳನ್ನು ಸುತ್ತುವುದು ಸರಿಯಾದ ಕ್ರಮ. ವರ್ಷದ ಎಲಿಮೆಂಟನ್ನೇ ನೇರವಾಗಿ ಸುತ್ತುತ್ತಾ ತೆಗೆದರೆ ತೆಗೆದ ಪ್ರತಿಯೊಂದರ ಪಕ್ಕದ ದಿನ ತಪ್ಪಿಹೋಗುತ್ತದೆ. ಕಾಫಿ ಗಿಡದ ಸಾಲಿನಲ್ಲಿ ನಡೆಯುತ್ತಾ ಒಂದನ್ನು ಕಿತ್ತಾಗ ಉಳಿದ ಗಿಡಗಳೆಲ್ಲ ಒಂದು ಹೆಜ್ಜೆ ಹಿಂದೆ ಸರಿದಂತೆ. ಫೈಂಡ್‌ಆಲ್ ಕೊಡುವುದು ಬೇರೆಯದೇ ಪಟ್ಟಿಯಾದ್ದರಿಂದ ಅದನ್ನು ಸುತ್ತುತ್ತಾ ತೆಗೆದರೆ ಅಪಾಯವಿಲ್ಲ.

ಎಲ್ಲ ದಿನಗಳಿಗೂ ಮಿಲಿಮೀಟರ್ ಲೆಕ್ಕ ಸೇರಿಸುವುದು ನಾನು ಮಾಡಿದ ದೊಡ್ಡ ತಿದ್ದುಪಡಿ. ಒಂದು ಇಂಚಿಗೆ 25.4 ಮಿಲಿಮೀಟರ್, ಅಂದರೆ ಒಂದು ಸೆಂಟಿಗೆ 0.254, ಹಾಗಾಗಿ 105 ಸೆಂಟಿಗೆ 26.67 ಮಿಲಿಮೀಟರ್. ಸೆಂಟಿನ ಅಂಕಿಯನ್ನು ಅಳಿಸಿ ಅದರ ಜಾಗದಲ್ಲಿ ಇದನ್ನು ಬರೆಯಬೇಡಿ. ಪ್ರೋಗ್ರಾಂ ಅಕಸ್ಮಾತ್ ಎರಡನೇ ಸಲ ಓಡಿದರೆ ಗುಣಾಕಾರದ ಮೇಲೆ ಗುಣಾಕಾರವಾಗಿ ಮೂಲ ಲೆಕ್ಕವೇ ಕಳೆದುಹೋಗುತ್ತದೆ. ಮಳೆಯ ಎಲಿಮೆಂಟಿಗೆ "ಮಿಮೀ" ಎಂಬ ಹೊಸ ಆಟ್ರಿಬ್ಯೂಟಾಗಿ ಸೆಟ್ ಮಾಡಿದರೆ ಎಷ್ಟು ಸಲ ಓಡಿಸಿದರೂ ಬರುವ ಉತ್ತರ ಒಂದೇ:

```
<ಮಳೆ ಮಿಮೀ="26.67">105</ಮಳೆ>
```

ತಿದ್ದುವ ಮುನ್ನ ತಿಳಿದಿರಬೇಕಾದ ಮತ್ತೊಂದು ಸಂಗತಿ: ಫೈಲಿನಲ್ಲಿ ಕಾಮೆಂಟ್ ರೂಪದಲ್ಲಿ ಬರೆದಿಟ್ಟ ಮಾತುಗಳನ್ನು ಪಾರ್ಸ್ ಆಜ್ಞೆ ತಾನಾಗಿ ಬಿಟ್ಟುಬಿಡುತ್ತದೆ, ಮತ್ತೆ ಬರೆದಾಗ ಅವು ಇರುವುದಿಲ್ಲ. ರೈನ್‌ಗೇಜನ್ನು ಯಾವಾಗ ಕಣದಿಂದ ತೋಟದ ಗೇಟಿನ ಬಳಿಗೆ ಸ್ಥಳಾಂತರಿಸಿದೆವು ಎಂಬಂಥ ಬೆಲೆಯುಳ್ಳ ವಿವರವನ್ನು ಕಾಮೆಂಟಿನಲ್ಲಿ ಇಡದೆ ಟಿಪ್ಪಣಿ ಎಲಿಮೆಂಟಿನಲ್ಲಿಯೇ ಇಡಿ. ಗೊತ್ತಿಲ್ಲದವರು ಕಳಿಸಿದ ಎಕ್ಸ್‌ಎಂಎಲ್ ಫೈಲನ್ನು ಈ ಲೈಬ್ರರಿಯಿಂದ ತೆರೆಯುವುದೂ ಕ್ಷೇಮವಲ್ಲ. ಮೆಮೊರಿಯನ್ನು ತುಂಬಿಸಿ ಕಂಪ್ಯೂಟರನ್ನು ನಿಲ್ಲಿಸುವಂತೆ ರಚಿಸಿದ ಫೈಲುಗಳಿವೆ, ಅಂಥವಕ್ಕೆ ಡಿಫ್ಯೂಸ್ಡ್‌ಎಕ್ಸ್‌ಎಂಎಲ್ ಎಂಬ ಪ್ರತ್ಯೇಕ ಲೈಬ್ರರಿ ಇದೆ.

ಉಳಿಸುವಾಗ ಮೂಲ ಫೈಲಿನ ಮೇಲೆಯೇ ಬರೆಯಬೇಡಿ. ಬರೆಯುವ ನಡುವೆ ಕರೆಂಟ್ ಹೋದರೆ, ಮಲೆನಾಡಿನ ಜುಲೈ ತಿಂಗಳಲ್ಲಿ ಅದು ದಿನನಿತ್ಯದ ಮಾತು, ಅರ್ಧ ಫೈಲ್ ಉಳಿಯುತ್ತದೆ. ಮತ್ತೊಮ್ಮೆ ಇಂಡೆಂಟ್ ಮಾಡಿ, ಪಕ್ಕದಲ್ಲಿ ಹೊಸ ಹೆಸರಿನಲ್ಲಿ ಬರೆದು, ಆ ಹೊಸ ಫೈಲನ್ನು ಪಾರ್ಸ್ ಮಾಡಿ ತೆರೆಯುತ್ತದೆಯೇ ನೋಡಿ. ಬಳಿಕ ಐಟರ್‌ನಿಂದ ವರ್ಷದ ಸೆಂಟುಗಳನ್ನೆಲ್ಲ ಕೂಡಿ, ಬಂದ ಮೊತ್ತವನ್ನು ಪುಸ್ತಕದಲ್ಲಿ ಡಿಸೆಂಬರ್ ಹಾಳೆಯ ಕೆಳಗೆ ಬರೆದ ವರ್ಷದ ಮೊತ್ತದೊಂದಿಗೆ ತಾಳೆ ನೋಡಿ. ವ್ಯತ್ಯಾಸ ಬಂದರೆ ತಿಂಗಳವಾರು ಕೂಡಿ ಯಾವ ತಿಂಗಳಲ್ಲಿ ತಪ್ಪಿದೆ ಎಂದು ಹುಡುಕಿ. ವ್ಯತ್ಯಾಸ 45 ಸೆಂಟ್ ಇದ್ದರೆ ಎಲ್ಲೋ ಒಂದು 0-5 ಇನ್ನೂ 50 ಆಗಿಯೇ ಕುಳಿತಿರುವ ಸಾಧ್ಯತೆ ಹೆಚ್ಚು. ಎರಡೂ ಮೊತ್ತ ಹೊಂದಿದ ಮೇಲೆ ಓಎಸ್ ಮಾಡ್ಯೂಲಿನ ರಿಪ್ಲೇಸ್ ಆಜ್ಞೆಯಿಂದ ಹೊಸ ಫೈಲಿಗೆ ಹಳೆಯ ಹೆಸರನ್ನು ಕೊಡಿ.